ಆಂಗ್ಸೈಟಿ ಅಟ್ಯಾಕ್ ಯಾಕೆ ಬರುತ್ತದೆ? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಿಂದ ವಿರಾರ್‌ವರೆಗೆ ನಮ್ಮ ಜನ ಇರುವ ಕಡೆಯೆಲ್ಲ ಒಂದೇ ಮಾತು ಕೇಳಿಸುತ್ತದೆ. "ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳೋಕೆ ಶುರುವಾಯ್ತು, ಈಗಲೇ ಜೀವ ಹೋಗುತ್ತೆ ಅನ್ನಿಸಿತು. ಇಸಿಜಿ ತೆಗೆಸಿದರೆ ಎಲ್ಲ ನಾರ್ಮಲ್." ರಿಪೋರ್ಟ್ ನಾರ್ಮಲ್ ಬಂದ ಮೇಲೆ ಮನೆಯವರು ನಿರಾಳವಾಗುತ್ತಾರೆ. ಅನುಭವಿಸಿದವರಿಗೆ ಮಾತ್ರ ತಲೆ ತುಂಬ ಪ್ರಶ್ನೆ. ಏನೂ ಇಲ್ಲದಿದ್ದರೆ ಹಾಗೆ ಆಗಿದ್ದು ಯಾಕೆ? ನಾಳೆ ಮತ್ತೆ ಬಂದರೆ? ಕಾರಣ ಗೊತ್ತಾದರೆ ಭಯ ಎಷ್ಟೋ ಇಳಿಯುತ್ತದೆ. ಅದಕ್ಕೇ ಇಲ್ಲಿ ಕಾರಣಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಅಟ್ಯಾಕ್ ಅಂದರೆ ಏನು? ಟೆನ್ಶನ್‌ಗೂ ಇದಕ್ಕೂ ಏನು ವ್ಯತ್ಯಾಸ?

ಟೆನ್ಶನ್ ನಿಧಾನಕ್ಕೆ ಏರುತ್ತದೆ, ದಿನಗಟ್ಟಲೆ ಇರುತ್ತದೆ. ಅಟ್ಯಾಕ್ ಕೆಲವೇ ನಿಮಿಷದಲ್ಲಿ ತುತ್ತತುದಿಗೆ ಹೋಗುತ್ತದೆ. ಎದೆ ಡವಡವ ಅನ್ನುತ್ತದೆ, ಉಸಿರು ಸಾಲುವುದಿಲ್ಲ, ಗಂಟಲು ಕಟ್ಟುತ್ತದೆ. ಬೆವರು, ನಡುಕ, ತಲೆ ಸುತ್ತು. ಬೆರಳಿನ ತುದಿಯಲ್ಲಿ, ತುಟಿಯ ಸುತ್ತ ಜೋಮು. ಕೆಲವರಿಗೆ ಹೊಟ್ಟೆ ತೊಳೆಸುತ್ತದೆ. ಇನ್ನು ಕೆಲವರಿಗೆ ಸುತ್ತಲಿನದೆಲ್ಲ ಕನಸಿನಲ್ಲಿ ನಡೆಯುತ್ತಿರುವ ಹಾಗೆ ಕಾಣುತ್ತದೆ. ಇದರ ಜೊತೆ "ಸತ್ತೇ ಹೋಗುತ್ತೇನೆ", "ತಲೆ ಕೆಟ್ಟುಹೋಗುತ್ತದೆ" ಅನ್ನುವ ಭಯ. ಇವೆಲ್ಲ ಒಟ್ಟಿಗೇ ಬರಬೇಕು ಅಂತೇನಿಲ್ಲ, ನಾಲ್ಕು ಬಂದರೂ ಸಾಕು. ಸಾಮಾನ್ಯವಾಗಿ 5ರಿಂದ 20 ನಿಮಿಷದಲ್ಲಿ ಇಳಿಯುತ್ತದೆ. ಆಮೇಲೆ ಜ್ವರ ಬಿಟ್ಟವರ ಹಾಗೆ ಸುಸ್ತು.

ಡಾಕ್ಟರುಗಳು ಇದನ್ನು ಪ್ಯಾನಿಕ್ ಅಟ್ಯಾಕ್ ಅಂತ ಬರೆಯುತ್ತಾರೆ. ಇಲ್ಲಿ ಬರೀ "ಅಟ್ಯಾಕ್" ಅಂದಾಗ ಅದನ್ನೇ ಹೇಳುತ್ತಿದ್ದೇನೆ. ಇದು ಅಪರೂಪದ್ದೇನಲ್ಲ. 25 ದೇಶಗಳ ಸಮೀಕ್ಷೆಗಳನ್ನು ಒಟ್ಟು ಮಾಡಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು 13% ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಹೀಗಾಗಿದೆ. ಅದು ಬೆಳೆದು, ಅಟ್ಯಾಕ್ ಪದೇ ಪದೇ ಬಂದು ಮತ್ತೆ ಬರುತ್ತದೆ ಅನ್ನುವ ಭಯವೂ ಉಳಿದುಬಿಡುವ ಪ್ಯಾನಿಕ್ ಡಿಸಾರ್ಡರ್ ಅನ್ನುವ ಕಾಯಿಲೆಯಾಗುವುದು ಒಟ್ಟು ಜನರಲ್ಲಿ 2%ಕ್ಕಿಂತ ಕಡಿಮೆ ಮಂದಿಗೆ.

ಇದು ಹಾರ್ಟ್ ಅಟ್ಯಾಕ್ ಅಲ್ಲ ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು?

ಮೊದಲ ಸಲ ಬಂದಿದ್ದರೆ ನೀವೇ ತೀರ್ಮಾನ ಮಾಡಬೇಡಿ. ಆಸ್ಪತ್ರೆಗೆ ಹೋಗಿ. ಇಸಿಜಿ ಮಾಡಿಸಿ, ಡಾಕ್ಟರ್ ಹೇಳಿದರೆ ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಎದೆಯ ಮೇಲೆ ಭಾರ ಇಟ್ಟ ಹಾಗೆ ನೋವು, ಅದು ಎಡಗೈ, ದವಡೆ, ಬೆನ್ನಿಗೆ ಹರಡುವುದು, ಮೆಟ್ಟಿಲು ಹತ್ತಿದಾಗ ಜಾಸ್ತಿಯಾಗಿ ನಿಂತರೆ ಕಡಿಮೆಯಾಗುವುದು, ಹೊತ್ತು ಕಳೆದರೂ ಇಳಿಯದಿರುವುದು, ಇವೆಲ್ಲ ಹೃದಯದ ಕಡೆ ಕೈ ತೋರಿಸುತ್ತವೆ. ಅಟ್ಯಾಕ್‌ನ ನೋವು ಹೆಚ್ಚಾಗಿ ಚುಚ್ಚಿದ ಹಾಗೆ, ಒಂದೇ ಜಾಗದಲ್ಲಿ ಇರುತ್ತದೆ. ಆದರೆ ಶುಗರ್ ಇರುವವರಿಗೆ ಮತ್ತು ಹೆಂಗಸರಿಗೆ ಹಾರ್ಟ್ ಅಟ್ಯಾಕ್ ನೋವೇ ಇಲ್ಲದೆ, ಬರೀ ಸುಸ್ತು, ಬೆವರು, ವಾಕರಿಕೆಯಾಗಿ ಬರಬಹುದು. ಹಾಗಾಗಿ ಮನೆಯಲ್ಲಿ ಕೂತು ಲೆಕ್ಕ ಹಾಕುವುದು ಬೇಡ. ಭಾರತೀಯರಿಗೆ ಹೃದಯದ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ ಅನ್ನುವುದೂ ನೆನಪಿರಲಿ. "ಗ್ಯಾಸ್ ಆಗಿರಬೇಕು" ಅಂತ ಸೋಡಾ ಕುಡಿದು ಮಲಗುವ ಅಭ್ಯಾಸ ನಮ್ಮ ಹೋಟೆಲ್ ಲೈನಿನವರಲ್ಲಿ ತುಂಬ ಇದೆ. ದಯವಿಟ್ಟು ಅದನ್ನು ಬಿಡಿ.

ಒಮ್ಮೆ ಸರಿಯಾಗಿ ಪರೀಕ್ಷೆ ಆಗಿ, ಹೃದಯ ಚೆನ್ನಾಗಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಇನ್ನೊಂದು ಎಚ್ಚರ ಬೇಕು. ವಾರಕ್ಕೊಮ್ಮೆ ಇಸಿಜಿ, ಮೂರನೇ ಡಾಕ್ಟರು, ಇನ್ನೊಂದು ಸ್ಕ್ಯಾನ್ ಅಂತ ಓಡಾಡಿದರೆ ಸಮಾಧಾನ ಎರಡು ದಿನ ಇರುತ್ತದೆ, ಅನುಮಾನ ಬೆಳೆಯುತ್ತಾ ಹೋಗುತ್ತದೆ. ನೋವಿನ ರೀತಿ ಬದಲಾದರೆ ಖಂಡಿತ ಮತ್ತೆ ತೋರಿಸಿ.

ಮೈಯೊಳಗೆ ಏನು ನಡೆದು ಇಷ್ಟೆಲ್ಲ ಆಗುತ್ತದೆ?

ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿ ಗಾತ್ರದ ಭಾಗ ಇದೆ. ಅಪಾಯದ ಸುಳಿವು ಸಿಕ್ಕಿದ ಕೂಡಲೇ ಎಚ್ಚರಿಸುವುದು ಅದರ ಕೆಲಸ. ಅದು ಎಚ್ಚರಿಸಿದರೆ ನರಗಳು ಚುರುಕಾಗುತ್ತವೆ, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಓಡಲು ಅಥವಾ ಹೊಡೆದಾಡಲು ಮೈ ಸಿದ್ಧವಾಗುತ್ತದೆ. ಕೈಕಾಲಿಗೆ ರಕ್ತ ಬೇಕು, ಅದಕ್ಕೇ ಎದೆ ಬಡಿತ ಏರುತ್ತದೆ. ಮೈ ತಂಪಾಗಬೇಕು, ಅದಕ್ಕೇ ಬೆವರು. ಆ ಹೊತ್ತಿಗೆ ಜೀರ್ಣದ ಕೆಲಸ ಬೇಡ, ಅದಕ್ಕೇ ಹೊಟ್ಟೆ ತೊಳೆಸುತ್ತದೆ. ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. ಅಟ್ಯಾಕ್‌ನಲ್ಲೂ ನಡೆಯುವುದು ಇದೇ. ಅಪಾಯ ಮಾತ್ರ ಇರುವುದಿಲ್ಲ. ಸೊಸೈಟಿಯಲ್ಲಿ ಯಾರದೋ ಮನೆಯ ಒಗ್ಗರಣೆ ಹೊಗೆಗೆ ಬೆಂಕಿಯ ಅಲಾರಂ ಕೂಗಿಕೊಂಡ ಹಾಗೆ ಇದು. ಅಲಾರಂ ಕೆಟ್ಟಿಲ್ಲ, ಸ್ವಲ್ಪ ಜಾಸ್ತಿ ಸೂಕ್ಷ್ಮವಾಗಿದೆ ಅಷ್ಟೇ.

ಇನ್ನು ಉಸಿರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಅತಿ ಹೆಚ್ಚು ಹೆದರಿಸುವುದು ಇದೇ. ಗಾಬರಿಯಲ್ಲಿ ನಾವು ಬೇಗ ಬೇಗ, ಬಾಯಿಂದ, ಎದೆಯ ಮೇಲ್ಭಾಗದಿಂದ ಉಸಿರಾಡುತ್ತೇವೆ. ಆಗ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗಿಬಿಡುತ್ತದೆ. ಅದು ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ, ತಲೆ ಹಗುರವಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕೆಲಸ ಮಾಡುವ ರೀತಿ ಬದಲಾಗಿ ಬೆರಳು ಜೋಮು ಹಿಡಿಯುತ್ತದೆ, ಕೆಲವರಿಗೆ ಕೈಬೆರಳು ಸೆಟೆದುಕೊಳ್ಳುತ್ತದೆ. ಉಸಿರು ಸಾಲುತ್ತಿಲ್ಲ ಅಂತ ಇನ್ನೂ ಜೋರಾಗಿ ಎಳೆಯುತ್ತೇವೆ, ತೊಂದರೆ ಇನ್ನೂ ಏರುತ್ತದೆ. ನಿಜಕ್ಕೂ ಆ ಹೊತ್ತಿನಲ್ಲಿ ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟು ಇರುತ್ತದೆ.

ಆ ಹೊತ್ತಿನಲ್ಲಿ ನನಗೆ ಯಾವ ಟೆನ್ಶನ್ನೂ ಇರಲಿಲ್ಲ. ಮತ್ತೆ ಯಾಕೆ ಬಂತು?

ಎಲ್ಲರೂ ಕೇಳುವುದು ಇದನ್ನೇ. ಒಂದು ಉದಾಹರಣೆ ತೆಗೆದುಕೊಳ್ಳೋಣ.

ಹೋಟೆಲಿನ ಗಲ್ಲಾದಲ್ಲಿ ಕೂತ ಒಬ್ಬ ಹುಡುಗ. ಮಧ್ಯಾಹ್ನ ನಾಲ್ಕು ಗಂಟೆ. ಊಟದ ಗಿರಾಕಿ ಮುಗಿದಿದೆ, ಸಂಜೆಯ ತಿಂಡಿಯ ರಶ್ ಇನ್ನೂ ಶುರುವಾಗಿಲ್ಲ. ಹತ್ತರ ನೋಟುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಾನೆ. ದಿನದಲ್ಲೇ ಅತಿ ಆರಾಮದ ಹೊತ್ತು ಅದು. ಆಗ ಎದೆಯಲ್ಲಿ ಒಂದು ಬಡಿತ ತಪ್ಪಿದ ಹಾಗಾಗುತ್ತದೆ. ಹೀಗೆ ಒಂದೊಂದು ಬಡಿತ ಆಚೀಚೆ ಆಗುವುದು ಆರೋಗ್ಯವಂತರಲ್ಲೂ ಇದೆ. ಬೇರೆ ದಿನವಾಗಿದ್ದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತು ಮಾತ್ರ "ಅಪ್ಪನಿಗೂ ಹೀಗೇ ಶುರುವಾಗಿದ್ದು" ಅಂತ ತಲೆಯಲ್ಲಿ ಹಾದುಹೋಗುತ್ತದೆ. ಅಷ್ಟೇ. ಕೈ ತಣ್ಣಗಾಗುತ್ತದೆ, ನೋಟು ಕೆಳಗೆ ಬೀಳುತ್ತದೆ, ಅಂಗಿ ಒದ್ದೆಯಾಗುತ್ತದೆ.

ಈಗ ಅವನ ಹಿಂದಿನ ಆರು ತಿಂಗಳನ್ನು ನೋಡಿ. ಊರಲ್ಲಿ ಅಪ್ಪನಿಗೆ ಬೈಪಾಸ್ ಆಗಿದೆ, ತಂಗಿಯ ಮದುವೆಯ ಸಾಲ ಇದೆ. ರಾತ್ರಿ ಒಂದು ಗಂಟೆಗೆ ಮಲಗಿ ಬೆಳಿಗ್ಗೆ ಐದಕ್ಕೆ ಏಳುತ್ತಾನೆ. ಊಟಕ್ಕೆ ಹೊತ್ತಿಲ್ಲ, ಗೊತ್ತುಗುರಿಯಿಲ್ಲದೆ ಚಹಾ. ಖೋಲಿ ಖಾಲಿ ಮಾಡಬೇಕಾಗಬಹುದು, 11 ತಿಂಗಳ ಅಗ್ರಿಮೆಂಟ್ ಮುಗಿಯುತ್ತಾ ಬಂದಿದೆ. ಇದ್ಯಾವುದನ್ನೂ ಅವನು ಟೆನ್ಶನ್ ಅಂತ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. "ಎಲ್ಲರಿಗೂ ಇರೋದೇ ಅಲ್ವಾ" ಅಂದುಕೊಂಡಿದ್ದಾನೆ. ಮೈ ಮಾತ್ರ ಲೆಕ್ಕ ಇಟ್ಟಿದೆ.

ಅಂದರೆ ಮೂರು ವಿಷಯ ಒಂದೆಡೆ ಸೇರಬೇಕು. ತಿಂಗಳುಗಟ್ಟಲೆ ಕೂಡಿಕೊಂಡ ಭಾರ. ಆ ಕ್ಷಣದ ಸಣ್ಣದೊಂದು ಮೈಯ ಬದಲಾವಣೆ, ಅದು ತಪ್ಪಿದ ಬಡಿತ ಇರಬಹುದು, ಸೆಕೆ, ಹಸಿವು ಇರಬಹುದು. ಮೂರನೆಯದು, ಆ ಬದಲಾವಣೆಯನ್ನು ನಾವು ಭಾರೀ ಅಪಾಯ ಅಂತ ಓದಿಕೊಳ್ಳುವುದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಮೂರನೆಯದನ್ನು ಎತ್ತಿ ಹೇಳಿದರು. ಮೈಯ ಸಾಮಾನ್ಯ ಸಂವೇದನೆಯನ್ನು ಸಾವಿನ ಸೂಚನೆ ಅಂತ ತಿಳಿದರೆ ಭಯ ಏರುತ್ತದೆ, ಭಯ ಏರಿದರೆ ಸಂವೇದನೆ ಜೋರಾಗುತ್ತದೆ, ಅದು ಜೋರಾದರೆ ಭಯ ಇನ್ನೂ ಏರುತ್ತದೆ. ಇಂದಿನ ಚಿಕಿತ್ಸೆ ಬಹಳಷ್ಟು ಇದರ ಮೇಲೆ ನಿಂತಿದೆ.

ಬಿಡುವಿನ ಹೊತ್ತಿನಲ್ಲೇ ಯಾಕೆ ಅಂದರೆ, ಗಡಿಬಿಡಿಯಲ್ಲಿ ಇರುವಾಗ ಮೈ ಕಡೆ ಗಮನ ಹೋಗುವುದಿಲ್ಲ. ಭಾನುವಾರ ಮಧ್ಯಾಹ್ನ, ರಜೆಯ ಮೊದಲ ದಿನ, ಮದುವೆ ಕೆಲಸ ಎಲ್ಲ ಮುಗಿದ ಮಾರನೇ ದಿನ ಅಟ್ಯಾಕ್ ಬಂತು ಅಂತ ಹೇಳುವವರು ಬಹಳ. ಅವತ್ತು ಏನು ತಿಂದೆ, ಯಾರ ಹತ್ತಿರ ಮಾತಾಡಿದೆ ಅಂತ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಹಿಂದಿನ ಆರು ತಿಂಗಳು, ಒಂದು ವರ್ಷವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಅಲ್ಲಿ ಕಾಣುತ್ತದೆ.

ಲೋಕಲ್ ಟ್ರೇನ್‌ನಲ್ಲೇ ಜಾಸ್ತಿ ಬರುವುದು ಯಾಕೆ?

ಮೊದಲನೆಯದು ಮೈ. ಬೆಳಿಗ್ಗೆ ಸರಿಯಾಗಿ ತಿನ್ನದೆ ಓಡಿ ಬಂದು ಗಾಡಿ ಹತ್ತಿರುತ್ತೇವೆ. ಓಡಿದ್ದಕ್ಕೇ ಎದೆ ಬಡಿಯುತ್ತಿರುತ್ತದೆ. ಒಳಗೆ ಸೆಕೆ, ಗಾಳಿ ಇಲ್ಲ, ಎದೆಗೆ ಎದೆ ಒತ್ತಿ ನಿಂತಿರುವುದರಿಂದ ಪೂರ್ತಿ ಉಸಿರೂ ಎಳೆಯಲಾಗದು. ಲೋಕಲ್‌ನಲ್ಲಿ ಟಾಯ್ಲೆಟ್ ಇಲ್ಲ ಅಂತ ಎಷ್ಟೋ ಹೆಂಗಸರು ಮನೆಯಿಂದ ಹೊರಡುವ ಮೊದಲು ನೀರೇ ಕುಡಿಯುವುದಿಲ್ಲ. ನೀರು ಕಡಿಮೆಯಾದರೆ ತಲೆ ಸುತ್ತುತ್ತದೆ. ಇವೆಲ್ಲ ಅಟ್ಯಾಕ್‌ನ ಲಕ್ಷಣಗಳನ್ನೇ ಹೋಲುತ್ತವೆ, ಮನಸ್ಸು ಸುಲಭವಾಗಿ ಮೋಸ ಹೋಗುತ್ತದೆ.

ಎರಡನೆಯದು, ಇಳಿಯಲಾಗದು ಅನ್ನುವ ಭಾವನೆ. ಫಾಸ್ಟ್ ಗಾಡಿ ಅಂಧೇರಿ ಬಿಟ್ಟರೆ ಬೋರಿವಲಿವರೆಗೆ ನಿಲ್ಲುವುದಿಲ್ಲ ಅಂತ ಗೊತ್ತಿರುವವರಿಗೆ ಆ ಹೊತ್ತು ತುಂಬ ಉದ್ದವಾಗಿ ಕಾಣುತ್ತದೆ. ಲಿಫ್ಟ್, ಥಿಯೇಟರಿನ ನಡುವಿನ ಸೀಟು, ದೇವಸ್ಥಾನದ ಉದ್ದ ಕ್ಯೂ, ಕಟಿಂಗ್ ಕುರ್ಚಿ, ನಡುವೆ ಎಲ್ಲೂ ಇಳಿಯಲಾಗದ 21.8 ಕಿಲೋಮೀಟರ್ ಅಟಲ್ ಸೇತು, ಎಲ್ಲ ಕಡೆ ಇದೇ ಕಥೆ.

ಮೂರನೆಯದು ನೆನಪು. ಒಮ್ಮೆ ಒಂದು ಜಾಗದಲ್ಲಿ ಅಟ್ಯಾಕ್ ಬಂದರೆ ಮಿದುಳು ಆ ಜಾಗವನ್ನೇ ಅಪಾಯ ಅಂತ ಗುರುತು ಹಾಕಿಕೊಳ್ಳುತ್ತದೆ. ಮಾರನೇ ದಿನ ಪ್ಲಾಟ್‌ಫಾರಂ ಮೇಲೆ ನಿಂತಾಗಲೇ ಎದೆ ಬಡಿಯುತ್ತದೆ. ಗಾಡಿ ಬಿಟ್ಟುಬಿಡುತ್ತೀರಿ, ತಕ್ಷಣ ಹಾಯೆನಿಸುತ್ತದೆ. ಆ ಹಾಯೆನಿಸುವುದೇ ತೊಂದರೆಯನ್ನು ಗಟ್ಟಿ ಮಾಡುತ್ತದೆ. ಮೊದಲು ಫಾಸ್ಟ್ ಬಿಟ್ಟು ಸ್ಲೋ, ಆಮೇಲೆ ಜೊತೆಗೆ ಯಾರಾದರೂ ಬೇಕು, ಆಮೇಲೆ ಬಸ್, ಕೊನೆಗೆ ಮನೆ ಹತ್ತಿರದ ಕಡಿಮೆ ಸಂಬಳದ ಕೆಲಸ. ಹೀಗೆ ಸಣ್ಣದಾಗುತ್ತಾ ಹೋದ ಬದುಕುಗಳನ್ನು ನೋಡಿ ನನಗೆ ತುಂಬ ಸಂಕಟವಾಗಿದೆ.

ಅದಕ್ಕೇ ಹೇಳುವುದು, ಹೃದಯ ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಆದಷ್ಟು ಬೇಗ ಮತ್ತೆ ಗಾಡಿ ಹತ್ತಿ. ರಶ್ ಇಲ್ಲದ ಹೊತ್ತು, ಸ್ಲೋ ಗಾಡಿ, ಒಂದೇ ಸ್ಟೇಷನ್ ಸಾಕು. ಭಯ ಬಂದರೂ ಅದು ಸ್ವಲ್ಪ ಇಳಿಯುವವರೆಗೆ ಅಲ್ಲೇ ಇರಿ. ನಾಲ್ಕಾರು ದಿನ ಬಿಟ್ಟು ಎರಡು ಸ್ಟೇಷನ್.

ಮುಂಬೈ ಜೀವನವೇ ಕಾರಣವೇ? ಊರಿಗೆ ಹೋದರೆ ಸರಿಹೋಗುತ್ತದಾ?

ನಿದ್ದೆಗೆಡುವುದು, ಓಡಾಟ, ಬಾಡಿಗೆಯ ಚಿಂತೆ, ಹತ್ತಿರದವರು ದೂರ ಇರುವುದು, ಇವು ಭಾರ ಹೆಚ್ಚಿಸುತ್ತವೆ. ಆದರೆ ಕುಂದಾಪುರದಲ್ಲಿ, ವಿಜಯಪುರದ ಹಳ್ಳಿಯಲ್ಲಿ ಇರುವವರಿಗೂ ಅಟ್ಯಾಕ್ ಬರುತ್ತದೆ. ಹದಿನೈದು ದಿನ ಊರಿಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿ ಬನ್ನಿ, ಒಳ್ಳೆಯದೇ. ಭಯಕ್ಕೆ ಹೆದರಿ ಕೆಲಸ ಬಿಟ್ಟು ಹೋಗುವ ತೀರ್ಮಾನವನ್ನು ಚಿಕಿತ್ಸೆಗೆ ಮೊದಲು ತೆಗೆದುಕೊಳ್ಳಬೇಡಿ.

ವಂಶದಲ್ಲಿ ಬರುತ್ತದಾ? ನನ್ನ ಮಕ್ಕಳಿಗೂ ಬರುತ್ತದಾ?

ಸ್ವಲ್ಪ ಮಟ್ಟಿಗೆ. ಅವಳಿಗಳ ಮೇಲೆ ಮಾಡಿದ ಅಧ್ಯಯನಗಳ ಪ್ರಕಾರ, ಪ್ಯಾನಿಕ್ ಡಿಸಾರ್ಡರ್ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸಕ್ಕೆ ಸುಮಾರು 40% ಕಾರಣ ವಂಶವಾಹಿ. ನಿಮ್ಮ ಮಗುವಿಗೆ ಬರುವ ಸಾಧ್ಯತೆ 40% ಅಂತ ಇದರ ಅರ್ಥ ಅಲ್ಲ. ಬರುವುದು ಬೇಗ ಎಚ್ಚೆತ್ತುಕೊಳ್ಳುವ ನರಗಳ ಸ್ವಭಾವ ಅಷ್ಟೇ. ಅಂಥ ಸ್ವಭಾವದ ಎಷ್ಟೋ ಜನರಿಗೆ ಅಟ್ಯಾಕ್ ಬರುವುದೇ ಇಲ್ಲ. ಮನೆಯಲ್ಲಿ ಸಣ್ಣ ತಲೆನೋವಿಗೂ ದೊಡ್ಡವರು ಗಾಬರಿಯಾಗುವುದನ್ನು ನೋಡಿ ಮಕ್ಕಳು ಅದನ್ನೇ ಕಲಿಯುತ್ತಾರೆ, ಇದು ನಮ್ಮ ಕೈಯಲ್ಲಿದೆ.

ಕಾಫಿ, ಚಹಾ, ಸಿಗರೇಟು, ಕುಡಿತದಿಂದ ಬರುತ್ತದಾ?

ಕಾಫಿಯಿಂದ ಬರಬಹುದು. ಪ್ಯಾನಿಕ್ ಡಿಸಾರ್ಡರ್ ಇರುವವರಿಗೆ ಸುಮಾರು ಐದು ಕಪ್ ಕಾಫಿಯಷ್ಟು ಕೆಫೀನ್ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಅಟ್ಯಾಕ್ ಬಂದಿದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆಯ ಸ್ಟ್ರಾಂಗ್ ಫಿಲ್ಟರ್ ಕಾಫಿ ರಾತ್ರಿಯ ನಿದ್ದೆಗೂ ಕೈಹಾಕುತ್ತದೆ. ಪೂರ್ತಿ ಬಿಡಿ ಅಂತ ಹೇಳುತ್ತಿಲ್ಲ. ಅಟ್ಯಾಕ್ ಬರುತ್ತಿರುವ ದಿನಗಳಲ್ಲಿ ಬೆಳಿಗ್ಗೆ ಒಂದು ಕಪ್‌ಗೆ ನಿಲ್ಲಿಸಿ, ನಿಧಾನಕ್ಕೆ ಇಳಿಸಿ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ. ಎನರ್ಜಿ ಡ್ರಿಂಕ್ ಮುಟ್ಟಲೇಬೇಡಿ.

ನಿಕೋಟಿನ್ ಎದೆಬಡಿತ ಏರಿಸುತ್ತದೆ. ಹೆಂಡ ಮೊದಲು ಆರಾಮ ಕೊಟ್ಟ ಹಾಗೆ ಮಾಡಿ, ಇಳಿಯುವಾಗ ಮರುದಿನ ಬೆಳಿಗ್ಗೆ ಕೈನಡುಕ, ಎದೆಬಡಿತ, ಗಾಬರಿ ತರುತ್ತದೆ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ "ನಿದ್ದೆ ಬರಲಿ" ಅಂತ ಎರಡು ಪೆಗ್ ಹಾಕುವವರು ಇದನ್ನು ಗಮನಿಸಬೇಕು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸುವುದು ಅಪಾಯ, ಫಿಟ್ಸ್ ಬರಬಹುದು. ಡಾಕ್ಟರ್ ಜೊತೆ ಮಾತಾಡಿಯೇ ಬಿಡಿ. ಗಾಂಜಾ ಸೇದಿದ ಮೇಲೆ ಮೊದಲ ಅಟ್ಯಾಕ್ ಬಂದ ಕಾಲೇಜು ಹುಡುಗರೂ ಇದ್ದಾರೆ.

ಬೇರೆ ಕಾಯಿಲೆಯಿಂದ ಹೀಗಾಗಬಹುದಾ?

ಆಗಬಹುದು. ಥೈರಾಯ್ಡ್ ಜಾಸ್ತಿ ಕೆಲಸ ಮಾಡುವುದು, ರಕ್ತ ಕಡಿಮೆ ಇರುವುದು, ಶುಗರ್ ಇಳಿಯುವುದು, ಆಸ್ತಮಾ, ಎದೆಬಡಿತದ ಲಯ ತಪ್ಪುವ ಕಾಯಿಲೆಗಳು ಹೀಗೇ ಕಾಣುತ್ತವೆ. ಆಸ್ತಮಾದ ಇನ್‌ಹೇಲರ್, ಸ್ಟೀರಾಯ್ಡ್, ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಶೀತದ ಮಾತ್ರೆಗಳು ಕೂಡ ಎದೆ ಬಡಿತ ಏರಿಸಬಹುದು. ಇಸಿಜಿ ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ನೋಡಿಸಿ. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಡಾಕ್ಟರಿಗೆ ತೋರಿಸಿ, ಆಯುರ್ವೇದದ್ದು, ಜಿಮ್‌ನ ಪುಡಿ ಎಲ್ಲ ಸೇರಿಸಿ.

ರಾತ್ರಿ ಗಾಢ ನಿದ್ದೆಯಿಂದ ಎಬ್ಬಿಸುತ್ತದೆ. ಕೆಟ್ಟ ಕನಸಾ?

ಕನಸಲ್ಲ. ಕನಸು ಬೀಳುವುದು ಹೆಚ್ಚಾಗಿ ನಿದ್ದೆಯ ಇನ್ನೊಂದು ಹಂತದಲ್ಲಿ. ರಾತ್ರಿಯ ಅಟ್ಯಾಕ್ ಬರುವುದು ಹಗುರ ನಿದ್ದೆಯಿಂದ ಗಾಢ ನಿದ್ದೆಗೆ ಇಳಿಯುವ ಹೊತ್ತಿನಲ್ಲಿ. ಆಗ ಉಸಿರು, ಎದೆಬಡಿತ ಬದಲಾಗುತ್ತವೆ, ಸೂಕ್ಷ್ಮವಾಗಿರುವ ಮಿದುಳು ಅದನ್ನೇ ಅಪಾಯ ಅಂದುಕೊಳ್ಳುತ್ತದೆ. ಜೋರಾಗಿ ಗೊರಕೆ ಹೊಡೆಯುವವರು, ಉಸಿರು ನಿಂತ ಹಾಗಾಗಿ ಏಳುವವರು ಸ್ಲೀಪ್ ಅಪ್ನಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು.

ಯಾವಾಗಲೋ ನಡೆದ ಘಟನೆ ಈಗ ಕಾರಣ ಆಗಬಹುದಾ?

ಹೌದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅವತ್ತು ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರು ಇಂದಿಗೂ ಜೋರು ಮಳೆ ಹಿಡಿದರೆ ಒಳಗೇ ನಡುಗಬಹುದು. 2006ರ ಜುಲೈ 11ರಂದು ಲೋಕಲ್‌ಗಳಲ್ಲಿ ಬಾಂಬ್ ಸಿಡಿದಾಗ ವೆಸ್ಟರ್ನ್ ಲೈನಿನಲ್ಲಿ ಇದ್ದವರು, 2017ರಲ್ಲಿ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯ ಕಾಲ್ತುಳಿತ ಕಣ್ಣಾರೆ ನೋಡಿದವರು, ಇವರಿಗೂ ಹಾಗೆಯೇ. ಮನೆಯೊಳಗಿನ ಹೊಡೆತ, ಚಿಕ್ಕಂದಿನ ಹಿಂಸೆ ಇನ್ನೂ ಆಳದ ಗಾಯ ಮಾಡುತ್ತದೆ. ಘಟನೆಯ ನೆನಪು ಮತ್ತೆ ಮತ್ತೆ ಕಣ್ಣೆದುರು ಬರುತ್ತಿದ್ದರೆ ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ. ಡಾಕ್ಟರ್ ಹತ್ತಿರ ಆ ಘಟನೆಯನ್ನು ಮುಚ್ಚಿಡಬೇಡಿ.

ಹೆಂಗಸರಿಗೆ ಜಾಸ್ತಿಯಾ?

ಪ್ಯಾನಿಕ್ ಡಿಸಾರ್ಡರ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ. ಹೆರಿಗೆಯ ನಂತರ ಮತ್ತು ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಬದಲಾವಣೆ, ನಿದ್ದೆಗೆಡುವುದು ಒಂದು ಕಾರಣ. ಮನೆ, ಆಫೀಸು ಎರಡೂ ಒಬ್ಬಳ ತಲೆ ಮೇಲೆ ಇರುವುದು ಇನ್ನೊಂದು. ಗಂಡಸರು ಹೇಳಿಕೊಳ್ಳುವುದು ಕಡಿಮೆ, ಕುಡಿತದಲ್ಲಿ ಮುಚ್ಚಿಡುವುದು ಜಾಸ್ತಿ ಅನ್ನುವುದನ್ನೂ ಮರೆಯಬಾರದು.

ಮನೆಯಲ್ಲಿ ದೃಷ್ಟಿಯಾಗಿದೆ, ಗಾಳಿ ಸೋಕಿದೆ ಅನ್ನುತ್ತಾರೆ. ಏನು ಮಾಡಲಿ?

ಅಮ್ಮ ಪ್ರೀತಿಯಿಂದ ದೃಷ್ಟಿ ತೆಗೆದರೆ ಬೇಡ ಅನ್ನಬೇಡಿ. ಹರಕೆ, ಪೂಜೆ ಮನಸ್ಸಿಗೆ ಧೈರ್ಯ ಕೊಡುತ್ತದೆ ಅಂದರೆ ಮಾಡಿ. ಅದರ ಜೊತೆಗೆ ಡಾಕ್ಟರ್ ಹತ್ತಿರವೂ ಹೋಗಿ, ಅದನ್ನು ಮುಂದೂಡಬೇಡಿ. ಸಾವಿರಾರು ರೂಪಾಯಿ ಕೇಳುವವರು, ಹೊಡೆದು ಬಡಿದು ಬಿಡಿಸುತ್ತೇವೆ ಅನ್ನುವವರು, ಮಾತ್ರೆ ನಿಲ್ಲಿಸು ಅನ್ನುವವರಿಂದ ದೂರ ಇರಿ.

ತಲೆ ತಿರುಗಿ ಬಿದ್ದುಬಿಡುತ್ತೇನಾ? ಹುಚ್ಚು ಹಿಡಿಯುತ್ತದಾ?

ಅಟ್ಯಾಕ್‌ನಲ್ಲಿ ರಕ್ತದೊತ್ತಡ ಏರುತ್ತದೆ, ಎಚ್ಚರ ತಪ್ಪಲು ಅದು ಇಳಿಯಬೇಕು. ಹಾಗಾಗಿ ಎಚ್ಚರ ತಪ್ಪುವುದು ಅಪರೂಪ. ರಕ್ತ, ಸೂಜಿ ನೋಡಿದರೆ ಬೀಳುವವರದು ಬೇರೆ ವಿಷಯ. ನಿಜವಾಗಿ ಎಚ್ಚರ ತಪ್ಪಿದ್ದರೆ ಡಾಕ್ಟರಿಗೆ ತೋರಿಸಬೇಕು. ಹುಚ್ಚು ಹಿಡಿಯುವುದಿಲ್ಲ.

ಬಂದ ಕ್ಷಣದಲ್ಲಿ ಏನು ಮಾಡಬೇಕು?

ಓಡಬೇಡಿ. ಕೂರಲು ಜಾಗ ಇದ್ದರೆ ಕೂತುಕೊಳ್ಳಿ. "ಇದು ಸುಳ್ಳು ಅಲಾರಂ, ಏರಿದ್ದು ಇಳಿಯುತ್ತದೆ" ಅಂತ ನಿಮ್ಮ ಮನೆಮಾತಿನಲ್ಲೇ ಹೇಳಿಕೊಳ್ಳಿ. ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಅದಕ್ಕಿಂತ ಹೆಚ್ಚು ಹೊತ್ತು ನಿಧಾನವಾಗಿ ಬಿಡಿ. ಆಳವಾಗಿ ಎಳೆಯುವುದಕ್ಕಿಂತ ನಿಧಾನವಾಗಿ ಬಿಡುವುದು ಮುಖ್ಯ. ಕಾಲು ನೆಲಕ್ಕೆ ತಾಗಿರುವುದನ್ನು, ಹಿಡಿದ ಕಂಬಿಯ ತಣ್ಣನೆಯ ಸ್ಪರ್ಶವನ್ನು ಗಮನಿಸಿ. ಅದನ್ನು ನಿಲ್ಲಿಸಲೇಬೇಕು ಅಂತ ಹೋರಾಡಬೇಡಿ, ಹೋರಾಟವೂ ಅಡ್ರಿನಲಿನ್ ಏರಿಸುತ್ತದೆ. ಪೇಪರ್ ಚೀಲದೊಳಗೆ ಉಸಿರಾಡುವ ಹಳೇ ಉಪಾಯ ಬೇಡ. ತೊಂದರೆ ಆಸ್ತಮಾದ್ದೋ ಹೃದಯದ್ದೋ ಆಗಿದ್ದರೆ ಅದು ಅಪಾಯಕಾರಿ.

ಚಿಕಿತ್ಸೆ ಏನು? ಮಾತ್ರೆ ಅಭ್ಯಾಸವಾಗುತ್ತದಾ?

ಚೆನ್ನಾಗಿ ಫಲ ಕೊಡುವ ಚಿಕಿತ್ಸೆ ಇದೆ, ಅದನ್ನು ಧೈರ್ಯವಾಗಿ ಹೇಳಬಲ್ಲೆ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯಲ್ಲಿ ಮೈಯ ಸಂವೇದನೆಗಳನ್ನು ತಪ್ಪಾಗಿ ಓದಿಕೊಳ್ಳುವುದನ್ನು ತಿದ್ದುತ್ತಾರೆ. ಬೇಕೆಂದೇ ಒಂದೆಡೆ ನಿಂತು ಓಡಿಸಿ, ಕುರ್ಚಿಯಲ್ಲಿ ತಿರುಗಿಸಿ, ಎದೆಬಡಿತ ಮತ್ತು ತಲೆಸುತ್ತು ಬರಿಸುತ್ತಾರೆ. ಅದರಿಂದ ಏನೂ ಆಗುವುದಿಲ್ಲ ಅಂತ ಮೈಗೆ ತಾನಾಗಿ ತಿಳಿಯುತ್ತದೆ. ಕೆಲವು ತಿಂಗಳ ಕೆಲಸ ಅದು.

ಮಾತ್ರೆಗಳಲ್ಲಿ ಎರಡು ಬಗೆ. ಎಸ್‌ಎಸ್‌ಆರ್‌ಐ ಗುಂಪಿನವು ದಿನಾ ತೆಗೆದುಕೊಳ್ಳುವಂಥವು. ಗುಣ ಕಾಣಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ತಳಮಳ ಸ್ವಲ್ಪ ಜಾಸ್ತಿಯಾಗಬಹುದು, ಅದಕ್ಕೇ ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. ಇವುಗಳ ಚಟ ಹಿಡಿಯುವುದಿಲ್ಲ, ಆದರೆ ನಿಲ್ಲಿಸುವಾಗ ಮೆಲ್ಲಗೆ ಇಳಿಸಬೇಕು. ಅಲ್ಪ್ರಜೋಲಮ್, ಕ್ಲೋನಜೆಪಾಮ್ ಬೇರೆ. ಅವು ತಕ್ಷಣ ಆರಾಮ ಕೊಡುತ್ತವೆ, ಹೆಚ್ಚು ದಿನ ತೆಗೆದುಕೊಂಡರೆ ಅಭ್ಯಾಸವಾಗುತ್ತವೆ. ಪಕ್ಕದ ಮನೆಯವರ ಸ್ಟ್ರಿಪ್‌ನಿಂದ ಒಂದು, ಪರಿಚಯದ ಕೆಮಿಸ್ಟ್ ಹತ್ತಿರ ಚೀಟಿ ಇಲ್ಲದೆ ಒಂದು, ಹೀಗೆ ಶುರುವಾಗಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡವರಿದ್ದಾರೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಅದೂ ಅಪಾಯವೇ.

ಮುಂಬೈಯಲ್ಲಿ ಎಲ್ಲಿ ತೋರಿಸುವುದು? ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರಾ?

ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್‌ನ ನಾಯರ್, ಬೈಕುಲ್ಲಾದ ಜೆಜೆ, ಇಲ್ಲೆಲ್ಲ ಮನೋರೋಗ ವಿಭಾಗದ ಒಪಿಡಿ ಇದೆ. ಖರ್ಚು ಕಡಿಮೆ. ಬೆಳಿಗ್ಗೆ ಬೇಗ ಹೋಗಿ, ಕ್ಯೂ ಇರುತ್ತದೆ. ಕನ್ನಡ ಬಲ್ಲ ಡಾಕ್ಟರ್ ಸಿಗದಿದ್ದರೆ ಹಿಂದಿ, ಮರಾಠಿ ಚೆನ್ನಾಗಿ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕನ್ನಡದಲ್ಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್ ಇದೆ, ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸೇವೆ, ದಿನದ 24 ಗಂಟೆಯೂ ಇದೆ. ಭಾಷೆ ಆರಿಸುವಾಗ ಕನ್ನಡವನ್ನು ಆರಿಸಿಕೊಳ್ಳಬಹುದು. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಈಗಲೇ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಇನ್ಶೂರೆನ್ಸ್ ಸಿಗುತ್ತದಾ?

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ, ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವ ರೀತಿಯಲ್ಲೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಕೊಡಬೇಕು. ಎಷ್ಟೋ ಪಾಲಿಸಿಗಳಲ್ಲಿ ಒಪಿಡಿ ಖರ್ಚು ಸೇರಿರುವುದಿಲ್ಲ, ನಿಮ್ಮದನ್ನು ಓದಿ ನೋಡಿ.

ನನ್ನ ಗಂಡನಿಗೆ ಅಟ್ಯಾಕ್ ಬಂದಾಗ ನಾನೇನು ಮಾಡಬೇಕು?

"ಏನೂ ಆಗಿಲ್ಲ, ಸುಮ್ನೆ ಹೆದರ್ತೀರಿ" ಅನ್ನಬೇಡಿ. ಅವರಿಗೆ ಆಗುತ್ತಿರುವುದು ನಿಜ. ಪಕ್ಕದಲ್ಲಿ ಕೂತು, ಕಡಿಮೆ ಮಾತಿನಲ್ಲಿ "ನಾನು ಇಲ್ಲೇ ಇದ್ದೀನಿ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ, ನಿಧಾನಕ್ಕೆ ಉಸಿರು ಬಿಡಿ" ಅನ್ನಿ. ಜೊತೆಗೆ ನೀವೂ ಅಷ್ಟೇ ನಿಧಾನವಾಗಿ ಉಸಿರಾಡಿ. ಸುತ್ತ ನಾಲ್ಕು ಜನ ಸೇರಿ ಗಾಳಿ ಬೀಸುವುದು, ಗುಟುಕು ಗುಟುಕಾಗಿ ನೀರು ಹಾಕುವುದು ಬೇಡ. ಯಾವತ್ತಿನ ಹಾಗಿಲ್ಲ, ನೋವು ಬೇರೆ ಥರ ಇದೆ ಅಂತ ಅವರು ಹೇಳಿದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಮೇಲೆ, ಮೈ ಸರಿಯಾದ ಒಂದು ದಿನ, ಹಿಂದಿನ ಆರು ತಿಂಗಳ ಹಾಳೆಯನ್ನು ಇಬ್ಬರೂ ಕೂತು ಬರೆಯಿರಿ. ಯಾವ ಭಾರವನ್ನು ಮನೆಯವರು ಹಂಚಿಕೊಳ್ಳಬಹುದು ಅಂತ ನೋಡಿ. ಡಾಕ್ಟರ್ ಹತ್ತಿರ ಹೋಗುವ ದಿನ ಆ ಹಾಳೆ ಜೊತೆಗಿರಲಿ.